ರಾಣಿ ಆಡದ ಮಾತು

ಕೇಕಿನ ಮಾತು ನಮಗೆ ಮೊದಲು ಗೊತ್ತಾಯಿತು, ರಾಣಿಯ ಹೆಸರು ಆಮೇಲೆ. ಬಿ.ಎ. ಎರಡನೇ ವರ್ಷದಲ್ಲಿ ಚರಿತ್ರೆಯ ಮೇಷ್ಟ್ರು ಬೋರ್ಡಿನ ಮೇಲೆ ಫ್ರಾನ್ಸಿನ ಕ್ರಾಂತಿ ಅಂತ ಬರೆದು, ಜನ ರೊಟ್ಟಿ ಇಲ್ಲ ಅಂತ ಅತ್ತಾಗ ಅಲ್ಲಿನ ರಾಣಿ 'ರೊಟ್ಟಿ ಇಲ್ದಿದ್ರೆ ಕೇಕ್ ತಿನ್ಲಿ' ಅಂದಳಂತೆ ಎಂದರು. ಕ್ಲಾಸು ನಕ್ಕಿತು. ನಾವು ನಗಲಿಲ್ಲ. ಹಾಸ್ಟೆಲಿನಲ್ಲಿ ಮುದ್ದೆ ಸಾಲದೆ ಬರೀ ಸಾರು ಕುಡಿದು ಬಂದ ದಿನ ಅದು. ಅವತ್ತು ರಾತ್ರಿಯೇ ಒಂದು ಪದ್ಯ ಬರೆದೆವು. ಇಪ್ಪತ್ತು ಸಾಲು. ಅದರಲ್ಲಿ ಹದಿನಾರು ಸಾಲು ಆ ಹೆಂಗಸಿಗೆ ಬೈಗುಳ. ಕವಿಗೋಷ್ಠಿಯಲ್ಲಿ ಓದಿದಾಗ ಚಪ್ಪಾಳೆ ಬಿತ್ತು.

ಆ ಪದ್ಯದ ಮೇಲೆ ಈಗ ನಮಗೇ ಅನುಮಾನ ಬಂದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಆ ಮಾತನ್ನು ಅವಳು ಆಡಿದ್ದಕ್ಕೆ ಪುರಾವೆಯೇ ಇಲ್ಲ. ಯಾವಳೋ ಒಬ್ಬ ದೊಡ್ಡ ರಾಜಕುಮಾರಿ ಹಾಗಂದಳೆಂದು ರೂಸೋ ತನ್ನ ಆತ್ಮಕಥೆಯಲ್ಲಿ ನೆನೆಯುತ್ತಾನೆ. ಹೆಸರು ಹೇಳುವುದಿಲ್ಲ. ಆತ ಅದನ್ನು ಬರೆದದ್ದು 1760ರ ದಶಕದಲ್ಲಿ. ಆಗ ಮೇರಿ ಆಂಟೊನೆಟ್ ವಿಯೆನ್ನಾದ ಅರಮನೆಯಲ್ಲಿ ಆಡಿಕೊಂಡಿದ್ದ ಸಣ್ಣ ಹುಡುಗಿ, ಫ್ರಾನ್ಸಿನ ನೆಲ ತುಳಿದೇ ಇರಲಿಲ್ಲ. ಅಲ್ಲಿರುವುದು ಕೇಕೂ ಅಲ್ಲ, ಬ್ರಿಯೋಶ್, ಅಂದ್ರೆ ಬೆಣ್ಣೆ ಮೊಟ್ಟೆ ಹಾಕಿ ಬೇಯಿಸಿದ ಮೆತ್ತನೆ ರೊಟ್ಟಿ. ಅವಳ ತಲೆ ಉರುಳಿ ಎಷ್ಟೋ ವರ್ಷ ಕಳೆದ ಮೇಲೆ ಯಾರೋ ಈ ಮಾತನ್ನು ಅವಳ ಬಾಯಿಗೆ ತುರುಕಿದರು. ಅಲ್ಲಿಂದ ಅದು ನಮ್ಮ ನೋಟ್‌ಬುಕ್ಕಿಗೂ ಬಂತು.

ಹಾಗಾದರೆ ನಮ್ಮ ಸಿಟ್ಟು ಸುಳ್ಳಾ? ಈ ಪ್ರಶ್ನೆ ಒಂದು ವಾರ ನಮ್ಮನ್ನು ತಿಂದಿತು. ಲೈಬ್ರರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆವು.

ಅವಳು ಹುಟ್ಟಿದ್ದು 1755ರ ನವೆಂಬರ್ 2ರಂದು. ಆಸ್ಟ್ರಿಯಾವನ್ನು ಆಳುತ್ತಿದ್ದ ಮರಿಯಾ ಥೆರೇಸಾಳ ಹದಿನೈದನೆಯ ಮಗು. ಮರುವರ್ಷವೇ, ತಲೆತಲಾಂತರದಿಂದ ಹೊಡೆದಾಡುತ್ತಿದ್ದ ಆಸ್ಟ್ರಿಯಾ ಫ್ರಾನ್ಸುಗಳು ರಾಜಿ ಮಾಡಿಕೊಂಡವು. ಆ ರಾಜಿ ಪತ್ರಕ್ಕೆ ಹಾಕಿದ ಮೊಹರು ಈ ಹುಡುಗಿ. 1770ರಲ್ಲಿ ಹದಿನಾಲ್ಕು ವರ್ಷದವಳನ್ನು ಹದಿನೈದು ವರ್ಷದ ಯುವರಾಜನಿಗೆ ಕೊಟ್ಟರು. ರೈನ್ ನದಿಯ ನಡುಗಡ್ಡೆಯಲ್ಲಿ ಒಂದು ಮನೆ ಕಟ್ಟಿ ಅಲ್ಲಿ ಹಸ್ತಾಂತರ. ತವರಿನ ಬಟ್ಟೆಯನ್ನೆಲ್ಲ ಬಿಚ್ಚಿಸಿ ಫ್ರಾನ್ಸಿನ ಬಟ್ಟೆ ಉಡಿಸಿದರೆಂದು ಅವಳ ಸೇವೆಯಲ್ಲಿದ್ದ ಕಾಂಪಾನ್ ಎಂಬಾಕೆ ಆಮೇಲೆ ಬರೆದಿದ್ದಾಳೆ. ನಮ್ಮವ್ವನಿಗೂ ಮದುವೆ ಆದಾಗ ಹದಿನಾಲ್ಕು. ಹೋಲಿಕೆ ಅಲ್ಲಿಗೇ ಮುಗೀತು. ಅವ್ವ ಮದುವೆಯ ಮೂರನೇ ದಿನ ನಾಟಿಗೆ ಹೋದಳು.

ಮದುವೆಯ ಖುಷಿಗೆ ಪ್ಯಾರಿಸ್ಸಿನ ಚೌಕದಲ್ಲಿ ಬಾಣಬಿರುಸು ಹಾರಿಸಿದರು. ಆ ನೂಕುನುಗ್ಗಲಲ್ಲಿ ನೂರ ಮೂವತ್ತಕ್ಕೂ ಹೆಚ್ಚು ಜನ ತುಳಿತಕ್ಕೆ ಸಿಕ್ಕಿ ಸತ್ತರು. ಇಪ್ಪತ್ಮೂರು ವರ್ಷದ ಮೇಲೆ ಅವಳ ತಲೆ ಬಿದ್ದದ್ದೂ ಅದೇ ಚೌಕದಲ್ಲಿ.

1774ರಲ್ಲಿ ಮುದಿ ರಾಜ ಸಿಡುಬು ಬಂದು ಸತ್ತ. ಇವಳು ರಾಣಿಯಾದಳು, ಹದಿನೆಂಟು ವರ್ಷ. ಮಕ್ಕಳಿರಲಿಲ್ಲ. ಮದುವೆಯಾಗಿ ಏಳು ವರ್ಷ ಗಂಡ ಹೆಂಡತಿ ಕೂಡಿರಲಿಲ್ಲ ಎನ್ನುವುದು ಇಡೀ ಯುರೋಪಿನ ರಾಯಭಾರಿಗಳ ಕಾಗದಪತ್ರದ ವಿಷಯ. ಬುದ್ಧಿ ಹೇಳಲು 1777ರಲ್ಲಿ ಅವಳ ಅಣ್ಣ ಎರಡನೇ ಜೋಸೆಫ್ ಚಕ್ರವರ್ತಿಯೇ ಬರಬೇಕಾಯಿತು. 1778ರಲ್ಲಿ ಮೊದಲ ಹೆರಿಗೆ, ಅದೂ ಕೋಣೆ ತುಂಬಿದ ಜನದ ಎದುರಿಗೆ. ಪದ್ಧತಿ ಹಾಗಿತ್ತು. ಗಾಳಿಯಿಲ್ಲದೆ ಬಾಣಂತಿ ಮೂರ್ಛೆ ಹೋದಳು. ರಾಣಿಯ ಹೊಟ್ಟೆಯೂ ಸರ್ಕಾರದ ಆಸ್ತಿ.

ಇಷ್ಟು ಓದಿ ಮರುಕ ಹುಟ್ಟಿತು, ನಿಜ. ಆದರೆ ಮುಂದಿನ ಪುಟದಲ್ಲೇ ಅವಳ ಹಳ್ಳಿ ಸಿಕ್ಕಿತು. ಮರುಕ ಅಲ್ಲೇ ಒಣಗಿತು.

ವರ್ಸೇಲ್ಸ್ ಅರಮನೆಯ ತೋಟದಲ್ಲಿ, ಗಂಡ ಅವಳಿಗೆ ಕೊಟ್ಟಿದ್ದ ಸಣ್ಣ ಟ್ರಿಯಾನೊನ್ ಬಂಗಲೆಯ ಆಚೆ, 1783ರಿಂದ ಒಂದು ಆಟದ ಹಳ್ಳಿ ಕಟ್ಟಿಸಿದಳು. ಹುಲ್ಲು ಹೊದಿಸಿದ ಮನೆಗಳು, ಕೊಳ, ಹಾಲಿನ ಮನೆ, ಹಿಟ್ಟು ಬೀಸದ ಒಂದು ಗಿರಣಿ. ಹಸು ಕುರಿ ಸಾಕುವುದಕ್ಕೆ ನಿಜವಾದ ಒಬ್ಬ ರೈತನನ್ನೂ ಅವನ ಸಂಸಾರವನ್ನೂ ತಂದು ಇರಿಸಿದರು. ರಾಣಿ ಬಿಳಿ ಮಸ್ಲಿನ್ ಉಟ್ಟು ಅಲ್ಲಿ ಓಡಾಡುತ್ತಿದ್ದಳು. ಇದೆಲ್ಲ ಇರಲಿ ಅನ್ನಿ. ನಾವು ಪುಸ್ತಕ ಮುಚ್ಚಿಟ್ಟದ್ದು ಈ ಒಂದು ಸಂಗತಿಗೆ: ಆ ಮನೆಗಳು ಹಳೇವು, ಬಡವರವು ಅನ್ನಿಸಬೇಕು ಅಂತ ಹೊಸ ಗೋಡೆಯ ಮೇಲೆ ಬಣ್ಣದಲ್ಲಿ ಬಿರುಕು ಬರೆಸಿದ್ದರು. ಚಿತ್ರದ ಬಿರುಕು! ಒಳಗೆ ಬಿಲಿಯರ್ಡ್ಸ್ ಆಡುವ ಕೋಣೆ.

ನಮ್ಮ ಮನೆಯ ಹಿತ್ತಿಲ ಗೋಡೆಯಲ್ಲಿ ಒಂದು ಬಿರುಕು ಇದೆ. ಮಳೆ ಬಂದ್ರೆ ಅದಕ್ಕೆ ಅವ್ವ ಹಳೇ ಸೀರೆ ತುರುಕುತ್ತಾಳೆ. ಅದನ್ನು ಯಾರೂ ಬರೆದದ್ದಲ್ಲ.

ಬಿಳಿ ಮಸ್ಲಿನ್ ಉಟ್ಟ ಅವಳ ಚಿತ್ರವನ್ನು ವಿಜೀ ಲೆಬ್ರನ್ ಎಂಬ ಹೆಣ್ಣುಮಗಳು ಬರೆದು 1783ರಲ್ಲಿ ಪ್ರದರ್ಶನಕ್ಕೆ ಇಟ್ಟಾಗ, ರಾಣಿ ಒಳಲಂಗದಲ್ಲಿ ನಿಂತಿದ್ದಾಳೆಂದು ಗಲಾಟೆಯಾಯಿತು. ಚಿತ್ರ ತೆಗೆಸಿದರು. ರೇಷ್ಮೆ ಉಟ್ಟರೆ ದುಂದು, ಹತ್ತಿ ಉಟ್ಟರೆ ರೇಷ್ಮೆ ನೇಯುವವರ ಹೊಟ್ಟೆಗೆ ಕಲ್ಲು. ಯಾವುದನ್ನುಟ್ಟರೂ ಬೈಗುಳ.

ದುಂದು ಮಾಡಿದ್ದು ಸುಳ್ಳಲ್ಲ. ಜೂಜು ಆಡಿದಳು, ಎತ್ತರ ಎತ್ತರದ ಕೂದಲು ಕಟ್ಟಿಸಿದಳು, ಗೆಳತಿ ಪೋಲಿನ್ಯಾಕಳ ಮನೆಮಂದಿಗೆಲ್ಲ ಪದವಿ ಪಿಂಚಣಿ ಕೊಡಿಸಿದಳು. ಜನ ಅವಳಿಗೆ 'ಖೋತಾ ರಾಣಿ' ಅಂತ ಹೆಸರಿಟ್ಟರು. ಆದರೆ ಲೆಕ್ಕ ನೋಡಿ. 1788ರಲ್ಲಿ ಫ್ರಾನ್ಸ್ ಸರ್ಕಾರದ ಖರ್ಚಿನಲ್ಲಿ ಸುಮಾರು ಅರ್ಧ ಹೋದದ್ದು ಸಾಲ ಬಡ್ಡಿಗೆ. ರಾಜ, ರಾಣಿ, ಅರಮನೆ, ಬಂಧುಬಳಗ ಎಲ್ಲ ಸೇರಿದ ಖರ್ಚು ನೂರಕ್ಕೆ ಸುಮಾರು ಆರು. ಸಾಲ ಆದದ್ದು ಯುದ್ಧಗಳಿಂದ. ಇಂಗ್ಲಿಷರನ್ನು ಬಗ್ಗಿಸಲು ಅಮೆರಿಕದ ಯುದ್ಧಕ್ಕೆ ಸುರಿದದ್ದೇ ನೂರು ಕೋಟಿ ಲೀವ್ರ್‌ಗಿಂತ ಹೆಚ್ಚು. ಭೂಮಿ ಇದ್ದ ಸರದಾರರಿಗೂ ಪಾದ್ರಿಗಳಿಗೂ ಮುಖ್ಯ ಕಂದಾಯ ಮಾಫಿ. ಕಂದಾಯ, ಇಗರ್ಜಿಗೆ ಧಾನ್ಯದ ಪಾಲು, ಉಪ್ಪಿನ ಸುಂಕ ಇವೆಲ್ಲ ರೈತನ ತಲೆ ಮೇಲೆ. ಈ ಮಾಫಿ ತೆಗೀತೀವಿ ಅಂತ ಹೊರಟ ಮಂತ್ರಿಗಳನ್ನು ಒಬ್ಬರಾದ ಮೇಲೆ ಒಬ್ಬರಂತೆ ಓಡಿಸಿದರು. ಬಯ್ಯುವುದಕ್ಕೆ ಮಾತ್ರ ಒಬ್ಬ ಪರದೇಶದ ಹೆಂಗಸು ಸಿಕ್ಕಿದಳು. ಸರದಾರರಿಗೆ ಇದಕ್ಕಿಂತ ಅನುಕೂಲ ಇನ್ನೇನು ಬೇಕಿತ್ತು?

ಇದೇ ಖಾಲಿ ಖಜಾನೆಯ ಬಾಗಿಲಿಗೆ ನಮ್ಮ ಕಡೆಯವರೂ ಹೋಗಿದ್ದರು. ಇಂಗ್ಲಿಷರ ವಿರುದ್ಧ ಸೈನ್ಯ ಬೇಕು ಅಂತ ಶ್ರೀರಂಗಪಟ್ಟಣದಿಂದ ಟಿಪ್ಪು ಕಳಿಸಿದ ಮೂವರು ರಾಯಭಾರಿಗಳನ್ನು 16ನೇ ಲೂಯಿ ವರ್ಸೇಲ್ಸಿನಲ್ಲಿ ಬರಮಾಡಿಕೊಂಡದ್ದು 1788ರ ಆಗಸ್ಟ್ 10ರಂದು. ಪಿಂಗಾಣಿ ಸಾಮಾನು ಸಿಕ್ಕಿತು, ಸೈನ್ಯ ಸಿಗಲಿಲ್ಲ. ಆರೇ ದಿನಕ್ಕೆ ಫ್ರಾನ್ಸಿನ ಖಜಾನೆ ಪಾವತಿಗಳನ್ನು ತಡೆಹಿಡಿಯಿತು. ಸರಿಯಾಗಿ ನಾಲ್ಕು ವರ್ಷಕ್ಕೆ, ಅದೇ ಆಗಸ್ಟ್ 10ಕ್ಕೆ, ಜನ ಅರಮನೆಗೇ ನುಗ್ಗಿದರು.

ಹಾರದ ಪ್ರಕರಣ ಬೇರೆ. 16 ಲಕ್ಷ ಲೀವ್ರ್ ಬೆಲೆಯ ವಜ್ರದ ಹಾರ. ರಾಣಿ ಬೇಡ ಅಂದಿದ್ದಳು. ಜಾನ್ ದ ಲಾ ಮೋಟ್ ಎಂಬಾಕೆ ರಾಣಿಯ ಹೆಸರಲ್ಲಿ ಸುಳ್ಳು ಪತ್ರ ಸೃಷ್ಟಿಸಿ, ಕತ್ತಲ ತೋಟದಲ್ಲಿ ಬೀದಿಯ ಒಬ್ಬ ಹೆಣ್ಣನ್ನು ರಾಣಿಯಂತೆ ನಿಲ್ಲಿಸಿ, ಕಾರ್ಡಿನಲ್ ರೋಹಾನ್ ಎಂಬ ದೊಡ್ಡ ಪಾದ್ರಿಯನ್ನು ನಂಬಿಸಿ ಹಾರ ಹೊಡೆದಳು. 1786ರಲ್ಲಿ ತೀರ್ಪು ಬಂತು. ಪಾದ್ರಿ ಖುಲಾಸೆ. ಜಾನ್‌ಗೆ ಛಡಿ ಏಟು, ಕಾದ ಕಬ್ಬಿಣದ ಬರೆ. ತಪ್ಪಿಲ್ಲದ ರಾಣಿಗೆ ಕೆಟ್ಟ ಹೆಸರು. ಬೀದಿಯ ಹೆಣ್ಣನ್ನು ಕಂಡು ರಾಣಿ ಅಂತ ಪಾದ್ರಿ ನಂಬಿದ್ದು ಸಹಜ ಅನ್ನಿಸುವಷ್ಟು ಅವಳ ಮಾನ ಹೋಗಿತ್ತು. ಗುಪ್ತವಾಗಿ ಅಚ್ಚಾಗುತ್ತಿದ್ದ ಹಾಳೆಗಳಲ್ಲಿ ಅವಳನ್ನು ಮೈದುನನ ಜೊತೆ, ಗೆಳತಿಯರ ಜೊತೆ ಮಲಗಿಸಿದ್ದರು. ಆಸ್ಟ್ರಿಯಾದವಳು ಅನ್ನುವ ಫ್ರೆಂಚ್ ಪದದ ಬಾಲದಲ್ಲಿ ಹೆಣ್ಣುನಾಯಿ ಅನ್ನುವ ಪದ ಇದೆ. ಅದನ್ನು ಎಳೆದೆಳೆದು ಕೂಗುತ್ತಿದ್ದರು.

ಇದನ್ನು ಓದುವಾಗ ನಮ್ಮ ಹದಿನಾರು ಸಾಲು ನೆನಪಾಗಿ ಕಿವಿ ಬಿಸಿಯಾಯಿತು. ರಜೆಗೆ ಊರಿಗೆ ಹೋದಾಗ ಆ ಪದ್ಯವನ್ನು ಅವ್ವನಿಗೆ ಓದಿ ಹೇಳಿದ್ದೆವು. ಅವ್ವ ಕೇಳಿ, 'ಅಲ್ಲ ಕನ್ ಮಗಾ, ಹೆಂಗ್ಸನ್ನ ಬಯ್ಯಕೆ ನಿಮ್ಗೆ ಆ ಒಂದ್ ಪದ ಬುಟ್ರೆ ಬ್ಯಾರೆ ಗೊತ್ತಿಲ್ವ? ಗದ್ದೆ ಯಜಮಾನ ನಂಗೂ ಅದ್ನೇ ಅಂದಿದ್ದ' ಅಂದಿದ್ದಳು. ಆಗ ನಮಗೆ ಸಿಟ್ಟು ಬಂದಿತ್ತು. ಓದು ಬರದವಳಿಗೆ ಬಂಡಾಯ ಏನು ಗೊತ್ತು ಅಂದುಕೊಂಡಿದ್ದೆವು.

1788ರ ಜುಲೈನಲ್ಲಿ ಆಲಿಕಲ್ಲು ಬಿದ್ದು ಪೈರು ಹಾಳಾಯಿತು. ಚಳಿಗಾಲಕ್ಕೆ ನದಿಗಳು ಹೆಪ್ಪುಗಟ್ಟಿದವು. ಎಂಟು ಒಂಬತ್ತು ಸೂ ಇದ್ದ ನಾಲ್ಕು ಪೌಂಡಿನ ರೊಟ್ಟಿ 1789ರ ಫೆಬ್ರವರಿಗೆ ಹದಿನಾಲ್ಕೂವರೆ ಸೂ ಆಯಿತು. ಪ್ಯಾರಿಸ್ಸಿನ ಕೂಲಿಯವನ ದುಡಿಮೆ ಬಹುಪಾಲು ರೊಟ್ಟಿಗೇ ಸರಿ. ಜುಲೈನಲ್ಲಿ ಬಾಸ್ಟೀಲ್ ಕೋಟೆ ಬಿತ್ತು. ಅಕ್ಟೋಬರ್ 5ರಂದು ಸಂತೆಯ ಹೆಂಗಸರು, ಮೀನು ಮಾರುವವರು, ಮಳೆಯಲ್ಲಿ ನೆನೆದುಕೊಂಡು ಸುಮಾರು ಇಪ್ಪತ್ತು ಕಿಲೋಮೀಟರ್ ನಡೆದು ವರ್ಸೇಲ್ಸಿಗೆ ಹೋದರು. ಕೇಳಿದ್ದು ರೊಟ್ಟಿ. ಮಾರನೇ ಬೆಳಿಗ್ಗೆ ಜನ ಅರಮನೆ ಹೊಕ್ಕು ಇಬ್ಬರು ಕಾವಲಿನವರನ್ನು ಕೊಂದರು. ರಾಣಿ ಕಳ್ಳದಾರಿಯಲ್ಲಿ ಗಂಡನ ಕೋಣೆಗೆ ಓಡಿದಳು. ಅವತ್ತೇ ರಾಜನ ಸಂಸಾರವನ್ನು ಪ್ಯಾರಿಸ್ಸಿಗೆ ಎಳೆದು ತಂದರು. ದೊಡ್ಡ ದೊಡ್ಡ ಭಾಷಣಗಳಿಂದ ಆಗದ್ದನ್ನು ಸಂತೆ ಹೆಂಗಸರು ಒಂದು ದಿನದಲ್ಲಿ ಮಾಡಿದರು.

ಅವಳ ನಿಜವಾದ ಅಪರಾಧ ಆಮೇಲೆ ಬರುತ್ತದೆ. 1791ರ ಜೂನಿನಲ್ಲಿ ವೇಷ ಹಾಕಿ ಗಂಡ ಮಕ್ಕಳ ಜೊತೆ ಓಡಿಹೋದಳು. ದಾರಿಯಲ್ಲಿ ದ್ರೂಯೆ ಎಂಬ ಅಂಚೆ ಠಾಣೆಯವನು ಗುರುತು ಹಿಡಿದು ವಾರೆನ್ ಊರಲ್ಲಿ ಸಿಕ್ಕಿಸಿದ. 1792ರ ಮಾರ್ಚಿನಲ್ಲಿ ಫ್ರಾನ್ಸಿನ ಯುದ್ಧದ ಯೋಜನೆಯನ್ನು ಆಸ್ಟ್ರಿಯಾದ ಕಡೆಗೆ ಬರೆದು ತಿಳಿಸಿದಳು. ಗಡಿಯಲ್ಲಿ ಸಾಯಬೇಕಾಗಿದ್ದವರು ಹಳ್ಳಿಯ ಮಕ್ಕಳು. ಇದಕ್ಕೆ ನಮ್ಮಲ್ಲಿ ಮಾಫಿ ಇಲ್ಲ.

ಆದರೆ 1793ರ ಅಕ್ಟೋಬರಿನಲ್ಲಿ ವಿಚಾರಣೆ ನಡೆದಾಗ ಈ ಕಾಗದ ಕೋರ್ಟಿನ ಕೈಯಲ್ಲಿ ಇರಲಿಲ್ಲ. ಎಷ್ಟೋ ಕಾಲದ ಮೇಲೆ ಅದು ಬೆಳಕಿಗೆ ಬಂತು. ಕೋರ್ಟಿನ ಕೈಯಲ್ಲಿ ಇದ್ದದ್ದು ಎಂಟು ವರ್ಷದ ಮಗನ ಸಹಿ. ಜನವರಿಯಲ್ಲಿ ಗಂಡನ ತಲೆ ಹೋಗಿತ್ತು. ಜುಲೈನಲ್ಲಿ ಆ ಹುಡುಗನನ್ನು ತಾಯಿಯಿಂದ ಕಿತ್ತುಕೊಂಡು, ಅಮ್ಮ ನನ್ನ ಜೊತೆ ಹೊಲಸು ಕೆಲಸ ಮಾಡಿದಳು ಅಂತ ಹೇಳಿಸಿ ಬರೆಸಿಕೊಂಡಿದ್ದರು. ಪತ್ರಿಕೆ ನಡೆಸುತ್ತಿದ್ದ ಎಬೇರ್ ಅದನ್ನು ಕೋರ್ಟಿನಲ್ಲಿ ಹೇಳಿದ. ರಾಣಿ ಉತ್ತರ ಕೊಡದೆ, ಅಲ್ಲಿ ಕೂತಿದ್ದ ತಾಯಂದಿರನ್ನೇ ಕೇಳುತ್ತೇನೆ ಎಂದಳು. ಸಂತೆ ಹೆಂಗಸರೂ ಒಂದು ಗಳಿಗೆ ಅಲುಗಿದರಂತೆ. ಮಾಡಿದ ದ್ರೋಹಕ್ಕೆ ಪುರಾವೆ ಇಲ್ಲ, ಮಾಡದ ಪಾಪಕ್ಕೆ ಮಗುವಿನ ಸಹಿ. ಆ ಹುಡುಗ ಹತ್ತು ವರ್ಷಕ್ಕೆ ಸೆರೆಮನೆಯಲ್ಲೇ ಸತ್ತ.

16ನೇ ತಾರೀಖು ಮಧ್ಯಾಹ್ನ ಅವಳನ್ನು ತೆರೆದ ಗಾಡಿಯಲ್ಲಿ ಕೈ ಹಿಂದಕ್ಕೆ ಕಟ್ಟಿ ತಂದರು. ರಾಜನನ್ನು ತಂದದ್ದು ಮುಚ್ಚಿದ ಗಾಡಿಯಲ್ಲಿ. ವಯಸ್ಸು ಮೂವತ್ತೇಳು, ಕೂದಲು ಬೆಳ್ಳಗಾಗಿತ್ತು. ಅಟ್ಟ ಹತ್ತುವಾಗ ತಲೆ ಕಡಿಯುವವನ ಕಾಲು ತುಳಿದು, ಕ್ಷಮಿಸಿ, ಬೇಕೂಂತ ತುಳೀಲಿಲ್ಲ ಅಂದಳಂತೆ. ಆ ಕಾಲು ಯಾರದ್ದು ಅಂತ ನಾವು ಹುಡುಕಿದೆವು. ಸಾಂಸೋನ್ ಮನೆತನದ್ದು. 1688ರಿಂದ ಪ್ಯಾರಿಸ್ಸಿನಲ್ಲಿ ಅಪ್ಪನಿಂದ ಮಗನಿಗೆ ಅದೇ ಕೆಲಸ. ಅವರಿಗೆ ಹೆಣ್ಣು ಕೊಡುವವರೂ ಅದೇ ಕಸುಬಿನವರು. ಇಂಥವರಿಗೂ ಎಲ್ಲರ ಹಾಗೆ ಪೌರಹಕ್ಕು ಉಂಟೇ ಅಂತ 1789ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಸಭೆ ಕೂತು ಚರ್ಚೆ ಮಾಡಬೇಕಾಯಿತು. ನಮ್ಮ ಮೇಷ್ಟ್ರು ಇದನ್ನು ಹೇಳಲಿಲ್ಲ. ಕೇಕಿನಷ್ಟು ರುಚಿ ಇದಕ್ಕಿಲ್ಲ.

ಮೊನ್ನೆ ಊರಿಗೆ ಹೋದಾಗ ಇದನ್ನೆಲ್ಲ ಅವ್ವನಿಗೆ ಹೇಳಿದೆವು. ಅವರೆಕಾಯಿ ಸುಲಿಯುತ್ತಿದ್ದಳು. ಮಗುವಿನ ಸುದ್ದಿಗೆ ಕೈ ನಿಂತಿತು. ಗೋಡೆಯ ಬಿರುಕಿನ ಸುದ್ದಿಗೆ ಜೋರಾಗಿ ನಕ್ಕಳು. ಕೊನೆಗೆ, 'ಅದ್ ಸರಿ, ಮಳೇಲಿ ನಡ್ಕಂಡೋದ್ರಲ್ಲ ಆ ಹೆಣ್ಣಾಳ್ಗಳು, ಅವ್ರಿಗೆ ರೊಟ್ಟಿ ಸಿಕ್ತಾ?' ಅಂತ ಕೇಳಿದಳು.

ಹೇಳಿದೆವು. ರಾಣಿ ಸತ್ತ ಎರಡೇ ವಾರಕ್ಕೆ ಹೆಂಗಸರ ಸಂಘಗಳನ್ನು ಮುಚ್ಚಿಸಿದರು. ಹೆಣ್ಣಿಗೂ ಹಕ್ಕುಂಟು ಅಂತ ಬರೆದ ಓಲಾಂಪ್ ದ ಗೂಜ್‌ಳ ತಲೆಯೂ ನವೆಂಬರ್ 3ಕ್ಕೆ ಹೋಯಿತು. 1795ರ ಮೇ ತಿಂಗಳಲ್ಲಿ ಮತ್ತೆ ಹಸಿವು, ಮತ್ತೆ ಹೆಂಗಸರು ರೊಟ್ಟಿ ಅಂತ ಕೂಗುತ್ತ ಸಭೆಗೆ ನುಗ್ಗಿದರು. ಆಗ ರಾಜನೂ ಇರಲಿಲ್ಲ, ರಾಣಿಯೂ ಇರಲಿಲ್ಲ. ಬೀದಿಯಲ್ಲಿ ಐದಕ್ಕಿಂತ ಹೆಚ್ಚು ಹೆಂಗಸರು ಕೂಡಿದರೆ ಹಿಡಿದು ಹಾಕಿ ಅಂತ ಸಭೆ ಕಾನೂನು ಮಾಡಿತು.

'ಅಂಗಾರೆ ಅದ್ನ ಬರೀರ್ಲಾ' ಅಂದು ಅವ್ವ ಮೊರ ಎತ್ತಿಕೊಂಡು ಒಳಗೆ ಹೋದಳು. ಪದ್ಯದ ಹದಿನಾರು ಸಾಲು ಹೊಡೆದು ಹಾಕಿದ್ದೇವೆ. ಉಳಿದ ನಾಲ್ಕು ಇನ್ನೂ ಕೈಯಲ್ಲೇ ಇವೆ.