ಯಕೃತ್ತಿನ ಅರ್ಬುದವೂ ಪರೀಕ್ಷೆಯ ಭಯವೂ



ಕೋಲಾರದ ಚಿನ್ನದ ಗಣಿ ಸೀಮೆಯ ಜನರಿಗೆ ಪರೀಕ್ಷೆ ಎಂಬ ಮಾತು ಹೊಸದಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿಯವರು ಅಲ್ಲಿಗೆ ಬಂದಂದಿನಿಂದ 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೆ, ಬಂಡೆಯ ಚೂರನ್ನು ಅರೆದು, ಕಾಯಿಸಿ, ತೂಗಿ ನೋಡಿದ ಮೇಲೆಯೇ ಅದರಲ್ಲಿ ಬಂಗಾರವೆಷ್ಟು ಎಂಬ ನಿರ್ಣಯವಾಗುತ್ತಿತ್ತು. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬುದನ್ನು ಆ ಜನ ದಿನದ ದುಡಿಮೆಯಲ್ಲಿಯೇ ಕಲಿತವರು. ಆದರೆ ಕಲ್ಲಿನ ವಿಷಯದಲ್ಲಿ ಇಷ್ಟು ಎಚ್ಚರವಾಗಿದ್ದವರೇ ತಮ್ಮ ದೇಹದ ವಿಷಯ ಬಂದಾಗ ಪರೀಕ್ಷೆಗೆ ಅಂಜುವುದನ್ನು ನಾವು ಕಂಡಿದ್ದೇವೆ. ಆ ಅಂಜಿಕೆಯನ್ನು ಕುರಿತು ನಿಮ್ಮೊಡನೆ ನಾಲ್ಕು ಮಾತುಗಳನ್ನು ಹಂಚಿಕೊಳ್ಳಬೇಕೆನಿಸಿದೆ.

ಕೆಲವು ವರ್ಷಗಳ ಹಿಂದೆ ನಾವು ಬಂಗಾರಪೇಟೆಯ ಭಕ್ತರೊಬ್ಬರ ಮನೆಯಲ್ಲಿ ತಂಗಿದ್ದಾಗ ಚಾಂಪಿಯನ್ ರೀಫಿನಿಂದ ಒಬ್ಬ ಯುವಕರು ಬಂದರು. ಅವರ ತಂದೆ ಗಣಿಯಲ್ಲಿ ದುಡಿದು ನಿವೃತ್ತರಾದವರು. "ಬುದ್ಧೀ, ಅಪ್ಪನ ಲಿವರಿನಲ್ಲಿ ಏನೋ ಗಂಟು ಕಾಣಿಸಿದೆಯಂತೆ. ಸೂಜಿ ಚುಚ್ಚಿ ನೋಡಿದರೆ ಕಾಯಿಲೆ ಹರಡುತ್ತದೆ, ಮುಂದಿನ ಪರೀಕ್ಷೆಯೇ ಬೇಡ, ನಾಟಿ ಔಷಧಿ ಕೊಡಿಸಿ ಅಂತ ನೆಂಟರೆಲ್ಲ ಹೇಳುತ್ತಿದ್ದಾರೆ. ಅಪ್ಪನಿಗೆ ಇನ್ನೂ ಏನೂ ತಿಳಿಸಿಲ್ಲ. ತಾವು ಅಪ್ಪಣೆ ಕೊಡಿಸಬೇಕು" ಎಂದರು. ರೋಗದ ವಿಷಯದಲ್ಲಿ ಅಪ್ಪಣೆ ಕೊಡಬೇಕಾದವರು ವೈದ್ಯರೇ ಹೊರತು ಮಠದವರಲ್ಲ ಎಂದು ತಿಳಿಸಿದೆವು. ಆದರೂ ಅವರ ಭಯ ನಿಜವಾದದ್ದು. ಆದ್ದರಿಂದ ವೈದ್ಯವೃತ್ತಿಯ ಭಕ್ತರೊಬ್ಬರನ್ನು ಕರೆಸಿಕೊಂಡು, ಯುವಕರ ಸಮ್ಮುಖದಲ್ಲಿಯೇ ಒಂದೊಂದು ಪರೀಕ್ಷೆಯ ಅರ್ಥವನ್ನೂ ಕೇಳಿ ತಿಳಿದೆವು. ಅದರ ಸಾರವಿದು.

ಮೊದಲನೆಯದು ರಕ್ತಪರೀಕ್ಷೆ. ಯಕೃತ್ತಿನ ಅರ್ಬುದವಿರುವ ಹಲವರ ರಕ್ತದಲ್ಲಿ ಆಲ್ಫಾ ಫೀಟೋಪ್ರೋಟೀನ್ ಎಂಬ ವಸ್ತು ಹೆಚ್ಚುತ್ತದೆ. ಗರ್ಭಸ್ಥ ಶಿಶುವಿನಲ್ಲಿ ಇದು ಸಹಜ, ಬೆಳೆದವರಲ್ಲಿ ಅತ್ಯಲ್ಪ. 1963ರಲ್ಲಿ ರಷ್ಯಾದ ವಿಜ್ಞಾನಿ ಅಬೆಲೆವ್ ಅವರು ಅರ್ಬುದವಿದ್ದ ಇಲಿಗಳಲ್ಲಿ ಇದನ್ನು ಕಂಡರು. ಮರುವರ್ಷ ಟಾಟಾರಿನೋವ್ ಅವರು ಮನುಷ್ಯರಲ್ಲಿ ಗುರುತಿಸಿದರು. ಆದರೆ ಈ ಒಂದು ಅಂಕಿಯನ್ನು ಹಿಡಿದು ರೋಗವಿದೆಯೆಂದಾಗಲಿ ಇಲ್ಲವೆಂದಾಗಲಿ ಹೇಳಲಾಗದು.

ಚಿಕ್ಕಂದಿನಲ್ಲಿ ನಾವು ಪಾಠಶಾಲೆಯಲ್ಲಿ ತರ್ಕವನ್ನು ಓದಿದಾಗ ಗುರುಗಳು ಹೊಗೆ ಮತ್ತು ಬೆಂಕಿಯ ನಿದರ್ಶನವನ್ನು ಹೇಳುತ್ತಿದ್ದರು. ಹೊಗೆಯಿದ್ದಲ್ಲಿ ಬೆಂಕಿಯಿದೆ. ಆದರೆ ಹೊಗೆಯಿಲ್ಲವೆಂದು ಬೆಂಕಿಯಿಲ್ಲವೆನ್ನಲಾಗದು, ಏಕೆಂದರೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಇನ್ನು ಮಂಜನ್ನೇ ಹೊಗೆಯೆಂದು ಭ್ರಮಿಸಿದವನು ಇಲ್ಲದ ಬೆಂಕಿಯನ್ನು ಊಹಿಸುತ್ತಾನೆ. ಈ ರಕ್ತಪರೀಕ್ಷೆಯ ಸ್ಥಿತಿಯೂ ಹಾಗೆಯೇ. ಗಡ್ಡೆ ಚಿಕ್ಕದಿರುವಾಗ ಅಂಕಿ ಏರದೆಯೇ ಇರಬಹುದು. ಯಕೃತ್ತಿನ ಉರಿಯೂತದಲ್ಲಿಯೂ ಗರ್ಭಿಣಿಯರಲ್ಲಿಯೂ ಅರ್ಬುದವಿಲ್ಲದೆಯೇ ಏರಬಹುದು. ಆದುದರಿಂದ ಅದು ಸೂಚನೆಯೇ ಹೊರತು ತೀರ್ಪಲ್ಲ.

ಎರಡನೆಯದು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್. ನೋವಿಲ್ಲದ, ವಿಕಿರಣವಿಲ್ಲದ, ಕಡಿಮೆ ಖರ್ಚಿನ ಪರೀಕ್ಷೆ. ಸಿರೋಸಿಸ್ ಬಂದು ಯಕೃತ್ತು ಗಡುಸಾದವರು, ವೈದ್ಯರು ಸೂಚಿಸಿದ ಹೆಪಟೈಟಿಸ್ ಬಿ ಸೋಂಕಿನವರು ಆರು ತಿಂಗಳಿಗೊಮ್ಮೆ ಇದನ್ನು ಮಾಡಿಸಿಕೊಳ್ಳಬೇಕೆಂಬುದು ನಿಯಮ. ಗಂಟೊಂದು ಕಾಣಿಸಿದ ಮಾತ್ರಕ್ಕೆ ಅದು ಅರ್ಬುದವೆಂದಲ್ಲ. ನೀರುಗುಳ್ಳೆಯಾಗಿರಬಹುದು, ನಿರುಪದ್ರವಿಯಾದ ರಕ್ತನಾಳಗಳ ಗೊಂಚಲಾಗಿರಬಹುದು. ಒಂದು ಸೆಂಟಿಮೀಟರಿಗಿಂತ ಚಿಕ್ಕದಾದರೆ ಕೆಲವು ತಿಂಗಳ ಬಳಿಕ ಮತ್ತೆ ನೋಡುತ್ತಾರೆ. ಅದಕ್ಕಿಂತ ದೊಡ್ಡದಾದರೆ ಮುಂದಿನ ಪರೀಕ್ಷೆ ಅಗತ್ಯ.

ಆ ಮುಂದಿನ ಪರೀಕ್ಷೆಯೇ ಸಿ.ಟಿ. ಅಥವಾ ಎಂ.ಆರ್.ಐ. ಇದರ ಯುಕ್ತಿ ಸ್ವಾರಸ್ಯವಾದದ್ದು. ಯಕೃತ್ತಿಗೆ ರಕ್ತ ಬರುವ ದಾರಿಗಳು ಎರಡು. ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯ ಅಭಿಧಮನಿಯಿಂದ ಬಂದರೆ ಉಳಿದ ಕಾಲು ಪಾಲು ಅಪಧಮನಿಯಿಂದ ಬರುತ್ತದೆ. ಅರ್ಬುದವಾದರೋ ಬಹುಮಟ್ಟಿಗೆ ಅಪಧಮನಿಯ ರಕ್ತವನ್ನೇ ಹೀರಿ ಬೆಳೆಯುತ್ತದೆ. ಕೈಯ ನರಕ್ಕೆ ಕಾಂಟ್ರಾಸ್ಟ್ ಎಂಬ ದ್ರವವನ್ನು ಕೊಟ್ಟು ಕ್ಷಣಕ್ಷಣದ ಚಿತ್ರವನ್ನು ತೆಗೆದಾಗ, ಗಡ್ಡೆ ಮೊದಲು ಸುತ್ತಲ ಭಾಗಕ್ಕಿಂತ ಬೆಳ್ಳಗೆ ಹೊಳೆದು, ಬಳಿಕ ಅದಕ್ಕಿಂತ ಮಂಕಾಗುತ್ತದೆ. ಸಿರೋಸಿಸ್ ಇದ್ದವರಲ್ಲಿ ಈ ಲಕ್ಷಣ ಸ್ಪಷ್ಟವಾಗಿ ಕಂಡರೆ ಸೂಜಿ ಚುಚ್ಚದೆಯೇ ರೋಗವನ್ನು ನಿರ್ಣಯಿಸಬಹುದು. ಕಾಂಟ್ರಾಸ್ಟ್ ಕೊಡುವ ಮುನ್ನ ಮೂತ್ರಪಿಂಡದ ಸ್ಥಿತಿಯನ್ನು ರಕ್ತಪರೀಕ್ಷೆಯಿಂದ ನೋಡಿಕೊಳ್ಳುತ್ತಾರೆ.

ಹೀಗಿರುವಾಗ ಸೂಜಿಯ ಪರೀಕ್ಷೆ, ಎಂದರೆ ಬಯಾಪ್ಸಿ, ಎಲ್ಲರಿಗೂ ಬೇಕಾಗುವುದಿಲ್ಲ. ಚಿತ್ರಗಳಿಂದ ನಿರ್ಣಯವಾಗದಾಗ, ಅಥವಾ ಬೇರೆಡೆಯ ಅರ್ಬುದ ಯಕೃತ್ತಿಗೆ ಹರಡಿರಬಹುದೆಂಬ ಸಂಶಯವಿದ್ದಾಗ ಅದನ್ನು ಮಾಡುತ್ತಾರೆ. ನೆಂಟರ ಮಾತಿನಲ್ಲಿ ಒಂದಿಷ್ಟು ಸತ್ಯವಿಲ್ಲದಿಲ್ಲ. ಸೂಜಿಯ ದಾರಿಯಲ್ಲಿ ರೋಗಕಣಗಳು ಬೀಳುವುದುಂಟು. ಆದರೆ ಅದು ನೂರರಲ್ಲಿ ಎರಡು ಮೂರು ಸಂದರ್ಭಗಳಲ್ಲಿ ಮಾತ್ರ. ರಕ್ತಸ್ರಾವದ ಅಪಾಯವೂ ಇರುವುದರಿಂದ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಮೊದಲೇ ಪರೀಕ್ಷಿಸುತ್ತಾರೆ. ಅಪಾಯ ಸ್ವಲ್ಪವಿದೆಯೆಂದು ತಿಳಿದೇ ವೈದ್ಯರು ಅಳೆದು ತೂಗಿ ಹೆಜ್ಜೆಯಿಡುತ್ತಾರೆ. ಏನನ್ನೂ ಮಾಡದೆ ಕುಳಿತರೆ ರೋಗ ಸುಮ್ಮನಿರುವುದೆಂಬ ನಂಬಿಕೆಗೆ ಮಾತ್ರ ಯಾವ ಆಧಾರವೂ ಇಲ್ಲ.

ಇಷ್ಟನ್ನು ಕೇಳಿದ ಯುವಕರು ಮನೆಗೆ ಹೋಗಿ ತಂದೆಗೆ ಎಲ್ಲವನ್ನೂ ತಿಳಿಸಿದರು. ಆ ಹಿರಿಯರು, "ನನ್ನ ಮೈಯ ಸುದ್ದಿ ನನಗೇ ಬೇಡವೇ? ದಿನವೂ ಭೂಮಿಯ ಹೊಟ್ಟೆಗೆ ಇಳಿದು ಬಂದವನು ನಾನು" ಎಂದರಂತೆ. ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಪರೀಕ್ಷೆ ಮಾಡಿಸಿದರು. ಗಡ್ಡೆ ಅರ್ಬುದವೇ ಆಗಿತ್ತು; ಬಹಳ ಬೆಳೆದಿತ್ತು. ನೋವು ಕಡಿಮೆ ಮಾಡುವ ಚಿಕಿತ್ಸೆ ಪಡೆದು, ಮನೆಯವರ ನಡುವೆ, ಹೇಳಬೇಕಾದುದನ್ನೆಲ್ಲ ಹೇಳಿ, ಎಂಟು ತಿಂಗಳ ಬಳಿಕ ಲಿಂಗೈಕ್ಯರಾದರು.

ಹಾಗಾದರೆ ಪರೀಕ್ಷೆಯಿಂದ ಬಂದ ಲಾಭವೇನು ಎಂದು ನೀವು ಕೇಳಬಹುದು. ಅವರ ರಕ್ತದಲ್ಲಿ ಹೆಪಟೈಟಿಸ್ ಬಿ ಸೋಂಕು ಕಂಡುಬಂದುದರಿಂದ ಮನೆಯವರೆಲ್ಲರನ್ನೂ ಪರೀಕ್ಷಿಸಿದರು. ಕಿರಿಯ ಮಗನಿಗೂ ಸೋಂಕಿತ್ತು. ಲಕ್ಷಣ ಒಂದೂ ಇರಲಿಲ್ಲ. ಅವರಿಂದು ಔಷಧಿ ಸೇವಿಸುತ್ತ, ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಿಕೊಳ್ಳುತ್ತ ತಮ್ಮ ಸಂಸಾರವನ್ನು ನಡೆಸುತ್ತಿದ್ದಾರೆ. ಸೋಂಕಿಲ್ಲದ ಮಿಕ್ಕವರು ಲಸಿಕೆ ಪಡೆದರು. ತಂದೆಯ ಪರೀಕ್ಷೆ ಮಗನನ್ನು ಕಾಪಾಡಿತು.

ಈ ರೋಗಾಣುವನ್ನು ಗುರುತಿಸಿದ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇಂದು ನಮ್ಮ ದೇಶದಲ್ಲಿ ಶಿಶುಗಳಿಗೆ ಇದರ ಲಸಿಕೆ ಉಚಿತ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿ ಸೋಂಕುಗಳ ಪರೀಕ್ಷೆ, ಔಷಧಿಗಳೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಅರ್ಬುದದ ಚಿಕಿತ್ಸೆಗೆ 1973ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಿದೆ.

ಗಣಿಯ ಊರಿನಲ್ಲಿ ಕಾಯಿಲೆಯೆಂದರೆ ಧೂಳಿನಿಂದ ಕೆಡುವ ಶ್ವಾಸಕೋಶದ ನೆನಪೇ ಮೊದಲು ಬರುತ್ತದೆ. ಯಕೃತ್ತಾದರೋ ಮೌನಿ, ಬಹಳ ಕೆಟ್ಟ ಮೇಲೆಯೇ ದೂರು ಹೇಳುತ್ತದೆ. ಆದುದರಿಂದ ಬಂಧುಗಳೇ, ಮನೆಯಲ್ಲಿ ಯಾರಿಗಾದರೂ ಯಕೃತ್ತಿನ ರೋಗವಿದ್ದರೆ, ಹಿಂದೆ ರಕ್ತ ಪಡೆದಿದ್ದರೆ, ಮದ್ಯದ ಚಟವಿದ್ದರೆ, ಬಹುಕಾಲದ ಸಕ್ಕರೆ ಕಾಯಿಲೆಯಿದ್ದರೆ ವೈದ್ಯರನ್ನು ಒಮ್ಮೆ ಕೇಳಿರಿ. ಬೂಷ್ಟು ಹಿಡಿದ ಕಡಲೆಕಾಯಿ, ಜೋಳಗಳಲ್ಲಿಯೂ ಯಕೃತ್ತಿಗೆ ಕೇಡು ಮಾಡುವ ವಿಷ ಹುಟ್ಟುತ್ತದೆ. ಅವನ್ನು ಆರಿಸಿ ಎಸೆಯಿರಿ. ರೋಗಿಯಿಂದ ಸತ್ಯವನ್ನು ಮರೆಮಾಡಬೇಡಿ. ದೇಹವು ದೇವರು ನಮಗೆ ಕೊಟ್ಟ ಎರವು. ಎರವಿನ ವಸ್ತುವಿನ ಸ್ಥಿತಿಯನ್ನು ಆಗಾಗ ನೋಡಿಕೊಳ್ಳುವುದು ಇಟ್ಟುಕೊಂಡವನ ಹೊಣೆ. ನಿಮಗೆಲ್ಲರಿಗೂ ಆರೋಗ್ಯಭಾಗ್ಯ ದೊರೆಯಲಿ ಎಂದು ಹಾರೈಸುತ್ತೇವೆ.