ಕಡಲ ತಳದ ಹಂಡೆ

ನಮ್ಮೂರಿನ ಹೆಸರು ಸಾಗರ. ಊರಿನಿಂದ ಸಮುದ್ರ ಮಾತ್ರ ಕಾಣದು. ಅದನ್ನು ನೋಡಬೇಕಾದರೆ ಘಟ್ಟ ಇಳಿಯಬೇಕು. ಕೆಳದಿಯ ಸದಾಶಿವ ನಾಯಕನ ಹೆಸರಿನ ಕೆರೆಗೆ ‘ಸದಾಶಿವ ಸಾಗರ’ವೆಂದು ಹೆಸರಿದ್ದು, ಅದೇ ಊರಿಗೂ ಅಂಟಿಕೊಂಡಿತೆಂದು ಹೇಳುವರು. ಕೆರೆಯನ್ನು ಸಾಗರವೆನ್ನುವಷ್ಟು ಔದಾರ್ಯ ನಮ್ಮ ಹಿರಿಯರಿಗಿತ್ತು. ಆ ಧೈರ್ಯದಿಂದಲೇ, ಇತಿಹಾಸದ ವಿದ್ಯಾರ್ಥಿಯಾದ ನಾನು ನಿಜವಾದ ಸಾಗರದ ತಳದ ಬಗೆಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಭೂಗೋಳದ ಅಧ್ಯಾಪಕರು ಮನ್ನಿಸಬೇಕು.

2024ರ ಡಿಸೆಂಬರಿನಲ್ಲಿ ಪತ್ರಿಕೆಗಳಲ್ಲಿ ಒಂದು ಚಿತ್ರ ಬಂದಿತು. ಹಿಂದೂ ಮಹಾಸಾಗರದ ದಕ್ಷಿಣ ಭಾಗದಲ್ಲಿ, ಸುಮಾರು 4,500 ಮೀಟರು ಆಳದಲ್ಲಿ, ಹೊಗೆಯಂತೆ ಏಳುತ್ತಿರುವ ಬಿಸಿನೀರಿನ ಬುಗ್ಗೆ. ಚೆನ್ನೈಯ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರೂ ಗೋವೆಯ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದವರೂ ಕೂಡಿ ಇಳಿಬಿಟ್ಟ ‘ಓಎಂಇ 6000’ ಎಂಬ ರೋಬಾಟು ಅದನ್ನು ತೆಗೆದಿತ್ತು.

ಇಂಥ ಬುಗ್ಗೆ ಏನೆಂಬುದನ್ನು ಮಲೆನಾಡಿನವರಿಗೆ ತಿಳಿಸುವುದು ಸುಲಭ. ಅಡಕೆ ಬೇಯಿಸುವ ಹಂಡೆಯನ್ನು ನೆನೆದರೆ ಸಾಕು. ಕಡಲ ನೀರು ತಳದ ಬಿರುಕುಗಳಲ್ಲಿ ಇಳಿದು, ಕೆಳಗಿನ ಶಿಲಾಪಾಕದ ಕಾವಿಗೆ ಕಾದು, ಅಡಕೆಯ ರಸವನ್ನು ಚೊಗರು ಹೀರಿಕೊಳ್ಳುವಂತೆ, ಕಲ್ಲಿನೊಳಗಿನ ತಾಮ್ರ, ಸತು, ಕಬ್ಬಿಣಗಳನ್ನು ಹೀರಿ ಮೇಲೇಳುತ್ತದೆ. ಕೆಲವೆಡೆ ಕಾವು 350 ಡಿಗ್ರಿ ದಾಟಿದರೂ ನೀರು ಕುದಿಯದು. ಮೇಲಿನ ನೀರಿನ ಭಾರ ಮುಚ್ಚಳವನ್ನು ಅಷ್ಟು ಬಿಗಿಯಾಗಿ ಹಿಡಿದಿದೆ. 2 ಡಿಗ್ರಿಯ ತಣ್ಣೀರು ತಾಕಿದೊಡನೆ ಲೋಹ ಗಂಧಕದೊಡನೆ ಕೂಡಿ ಕರಿಯ ಪುಡಿಯಾಗಿ ಉದುರುತ್ತದೆ, ಬಚ್ಚಲೊಲೆಯ ಹೊಗೆಗೂಡಿನಂತೆ ಚಿಮಣಿ ಕಟ್ಟುತ್ತದೆ.

ಅಲ್ಲಿ ಬೆಳಕಿಲ್ಲ, ರೇಡಿಯೋ ಅಲೆಯೂ ಹಾಯದು. ಹಡಗಿನಿಂದ ಶಬ್ದದ ಮೂಲಕ ಕಳಿಸಿದ ಸಂದೇಶ ತಳ ಮುಟ್ಟಲು 3 ಸೆಕೆಂಡು ಹಿಡಿಯುತ್ತದೆ. ಆದಕಾರಣ ಹಗ್ಗವಿಲ್ಲದ ಈ ಯಂತ್ರ ಮೊದಲೇ ಕಲಿಸಿದ ಪಾಠವನ್ನು ನೆನಪಿಟ್ಟುಕೊಂಡು, ಗದ್ದೆ ಉಳುವ ಎತ್ತಿನಂತೆ ಸಾಲು ಹಿಡಿದು ಹೋಗಿಬರುತ್ತದೆ. ನೀರು ತುಸು ಬೆಚ್ಚಗಾಯಿತೆ, ಕದಡಿತೆ ಎಂದು ಮೂಸುತ್ತದೆ. ಸುಳಿವು ಸಿಕ್ಕಲ್ಲಿ ತಳದ ಸಮೀಪಕ್ಕೆ ಇಳಿದು ದೀಪ ಬೆಳಗಿ ಚಿತ್ರ ತೆಗೆಯುತ್ತದೆ. 1977ರಲ್ಲಿ ಗಲಪಗೋಸ್ ದ್ವೀಪಗಳ ಬಳಿ ಅಮೆರಿಕದವರು ಹಡಗಿನಿಂದ ಕ್ಯಾಮರಾ ಎಳೆದುಕೊಂಡು ಹೋದಾಗ, ಸುಮಾರು 3,000 ಚಿತ್ರಗಳಲ್ಲಿ 13ರಲ್ಲಿ ಮಾತ್ರ ಬಿಳಿಯ ಚಿಪ್ಪುಜೀವಿಗಳ ರಾಶಿ ಕಂಡಿತು. ಆ ಹಡಗಿನಲ್ಲಿ ಜೀವಶಾಸ್ತ್ರಜ್ಞರೇ ಇರಲಿಲ್ಲ. ಬಿಸಿಲು ಕಾಣದ ತಳದಲ್ಲಿ ಯಾರಾದರೂ ಸಂಸಾರ ಹೂಡಿರಬಹುದೆಂದು ಯಾರೂ ಎಣಿಸಿರಲಿಲ್ಲ.

ಪತ್ರಿಕೆಯ ಚಿತ್ರವನ್ನು ಅಜ್ಜಿಗೆ ತೋರಿಸಿದೆ. ನಮ್ಮ ಮನೆಯಲ್ಲಿ ಬಿ.ಎ. ವರೆಗೆ ಬಂದವನು ನಾನೊಬ್ಬನೇ. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ನೀರಿನಡಿಯ ವಿಷಯ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ಹಿನ್ನೀರು ಸಾಗರ, ಹೊಸನಗರ ಸೀಮೆಯ ಊರುಗಳನ್ನು ಮುಚ್ಚಿದಾಗ ಅವಳ ತವರೂ ಮುಳುಗಿತು. ಅಣ್ಣತಮ್ಮಂದಿರು ತೀರ್ಥಹಳ್ಳಿಯ ಕಡೆ ಹೋಗಿ ನೆಲೆಯಾದರು. ಚಿತ್ರವನ್ನು ಬಹಳ ಹೊತ್ತು ನೋಡಿ ಅವಳು ಕೇಳಿದ್ದು ಒಂದೇ ಮಾತು: “ಅಲ್ಲಿ ಯಾರಿದ್ರಂತೆ?”

ಆ ತವರಿನ ಫೋಟೋ ಒಂದೂ ಇಲ್ಲ. ಇರುವುದು ಮಡಿಕೆಯಲ್ಲಿ ಹರಿದ ಒಂದು ಪರಿಹಾರದ ಕಾಗದ: ಜಮೀನು ಇಷ್ಟು, ಅಡಕೆ ಮರ ಇಷ್ಟು, ಬಾವಿ ಒಂದು, ನಾಡಹಂಚಿನ ಮನೆ ಒಂದು. ಕೊಟ್ಟಿಗೆಯ ಹಸುಗಳ ಹೆಸರು ಅದರಲ್ಲಿಲ್ಲ. ಅವು ಅಜ್ಜಿಯ ಬಾಯಲ್ಲಿವೆ. ನೀರು ತೀರ ಇಳಿದ ಬೇಸಗೆಗಳಲ್ಲಿ ಲಿಂಗನಮಕ್ಕಿಗಿಂತ ಹಳೆಯದಾದ ಹಿರೇಭಾಸ್ಕರ ಅಣೆಕಟ್ಟು ತಲೆಯೆತ್ತುವುದು, ಜನ ಚಿತ್ರ ತೆಗೆಯಲು ಓಡುವರು. ನಮ್ಮ ಮುಳುಗಡೆಗೆ ಬರಗಾಲವೇ ಛಾಯಾಗ್ರಾಹಕ!

ಕಡಲ ತಳಕ್ಕೂ ಕಾಗದಪತ್ರ ಆಗಲೇ ಆಗಿದೆ. 2016ರಲ್ಲಿ ಭಾರತ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದೊಡನೆ ಕರಾರು ಮಾಡಿಕೊಂಡು, ಹಿಂದೂ ಮಹಾಸಾಗರದ 10,000 ಚದರ ಕಿಲೋಮೀಟರಿನಲ್ಲಿ ಲೋಹದ ಸಲ್ಫೈಡುಗಳನ್ನು ಹುಡುಕುವ ಹಕ್ಕು ಪಡೆಯಿತು. 2025ರ ಸೆಪ್ಟೆಂಬರಿನಲ್ಲಿ ಕಾರ್ಲ್ಸ್‌ಬರ್ಗ್ ದಿಣ್ಣೆಗೂ ಅಂಥದೇ ಕರಾರಾಯಿತು. ಹುಡುಕುವ ಹಕ್ಕು, ತೋಡುವುದಲ್ಲ ಎಂಬುದನ್ನು ಮರೆಯಬಾರದು. ನನಗೆ ಯಂತ್ರದೊಡನೆ ಜಗಳವೂ ಇಲ್ಲ. ಇದನ್ನು ಬರೆಯುತ್ತಿರುವುದು ವಿದ್ಯುದ್ದೀಪದ ಕೆಳಗೇ. ಆದರೆ ಒಂದು ಸಲ ಹೋಗಿ ಚಿತ್ರ ತೆಗೆದು ಬಂದರೆ ಅದು ಪತ್ತೆ ಮಾತ್ರ. ಅದೇ ಚಿಮಣಿಯನ್ನು ಮತ್ತೆ ಮತ್ತೆ ನೋಡಿದರಲ್ಲವೆ ಪರಿಚಯ? ಕೆನಡಾದವರು ತಮ್ಮ ಪಶ್ಚಿಮ ಕರಾವಳಿಯಾಚೆ, ಸುಮಾರು 2,200 ಮೀಟರು ಆಳದ ಎಂಡೆವರ್ ಬುಗ್ಗೆಗಳವರೆಗೆ ತಂತಿಯೆಳೆದು ಕ್ಯಾಮರಾ ಕೂರಿಸಿದ್ದಾರೆ.

ಅಜ್ಜಿಯ ಪ್ರಶ್ನೆಗೆ ಉತ್ತರ ಹುಡುಕಿದೆ. ಹಿಂದೂ ಮಹಾಸಾಗರದ ಬುಗ್ಗೆಗಳ ಬಳಿ 2001ರಲ್ಲಿ ಒಂದು ಬಸವನಹುಳು ಕಂಡಿತು. ಅದರ ಪಾದದ ತುಂಬ ಹುರುಪೆಗಳು, ಅವುಗಳ ಮೇಲೆ ಕಬ್ಬಿಣದ ಸಲ್ಫೈಡಿನ ಲೇಪ. ಗಣಿಗಾರಿಕೆಯ ಭೀತಿಯಿಂದ 2019ರಲ್ಲಿ ಅದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿದರು. ಆಗ ಗೊತ್ತಿದ್ದ ಅದರ ಮೂರು ನೆಲೆಗಳನ್ನು ಕೂಡಿಸಿದರೆ 0.02 ಚದರ ಕಿಲೋಮೀಟರು, ಎಂದರೆ ಹೆಚ್ಚು ಕಡಮೆ ಐದು ಎಕರೆ. ಅಜ್ಜಿಗೆ ಹಾಗೆಯೇ ಹೇಳಿದೆ.

“ಐದೆಕರೆಯಾ?” ಎಂದಳು. “ನಮ್ದು ನಾಲ್ಕೂವರೆ ಇತ್ತು.”