ಶಿವಲಿಂಗ ಶಿಖರದ ಏರುದಾರಿ

ಕೇದಾರನಾಥದ ಯಾತ್ರೆ ನಮ್ಮ ಸಮಾಜದ ಮನೆಗಳಿಗೆ ಹೊಸದಲ್ಲ. ಅಲ್ಲಿಯ ರಾವಲರು ಕರ್ನಾಟಕದ ವೀರಶೈವ ಪರಂಪರೆಗೆ ಸೇರಿದವರು. ಆದರೆ ಆ ಕ್ಷೇತ್ರಕ್ಕೆ ಉತ್ತರದಲ್ಲಿ, ಪರ್ವತಶ್ರೇಣಿಯ ಆಚೆ, ಗಂಗೋತ್ರಿ ಹಿಮನದಿಯ ಮಗ್ಗುಲಲ್ಲಿ ನಿಂತಿರುವ ಶಿವಲಿಂಗ ಶಿಖರವನ್ನು ಕಂಡವರು ವಿರಳ. ಗಂಗೋತ್ರಿಯಿಂದ ಗೋಮುಖದವರೆಗೆ ಸುಮಾರು 18 ಕಿಲೋಮೀಟರು ನಡೆದು, ಹಿಮನದಿಯನ್ನು ದಾಟಿ, ಜಾರುವ ಕಲ್ಲುರಾಶಿಯನ್ನು ಏರಿದರೆ ತಪೋವನದ ಹುಲ್ಲುಬಯಲು. ಅಲ್ಲಿಂದ ತಲೆಯೆತ್ತಿದರೆ 6,543 ಮೀಟರು ಎತ್ತರದ ಶಿಖರವೇ ಕಣ್ಣು ತುಂಬುವುದು. ಯುರೋಪಿಯನ್ನರು ಇದನ್ನು ತಮ್ಮ ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನಿಗೆ ಹೋಲಿಸಿದರು. ನಮ್ಮ ಜನಕ್ಕೆ ಕಂಡದ್ದು ಲಿಂಗ.

ಎತ್ತರದಲ್ಲಿ ಇದು ಎವರೆಸ್ಟಿಗಿಂತ ಸುಮಾರು 2,300 ಮೀಟರು ಕಡಿಮೆ. ಆದರೂ ಯಾವ ಮುಖದಿಂದಲೂ ಸುಲಭದ ದಾರಿಯಿಲ್ಲ. 1974ರ ಜೂನಿನಲ್ಲಿ ಭಾರತ-ಟಿಬೆಟ್ ಗಡಿ ಪೊಲೀಸ್ ಪಡೆಯವರು ಕಡಿದಾದ ಬಂಡೆಗಳಿಗೆ ಹಗ್ಗ ಕಟ್ಟುತ್ತ, ಮೇಲೆ ತೂಗುವ ಹಿಮಗೋಡೆಗಳ ಭಯದಲ್ಲಿಯೇ ಪಶ್ಚಿಮದ ಏಣಿನಿಂದ ಮೊದಲ ಬಾರಿಗೆ ತುದಿ ಮುಟ್ಟಿದರು. 1981ರಲ್ಲಿ ಡೌಗ್ ಸ್ಕಾಟ್ ಮತ್ತು ಮೂವರು ಸಂಗಡಿಗರಿಗೆ ಪೂರ್ವದ ಏಣಿನಲ್ಲಿ 13 ದಿನಗಳು ಹಿಡಿದವು.

1983ರಲ್ಲಿ ಕ್ರಿಸ್ ಬಾನಿಂಗ್ಟನ್ ಮತ್ತು ಜಿಮ್ ಫೋದರಿಂಗ್‌ಹ್ಯಾಮ್ ಇಬ್ಬರೇ ಇದರ ನೈರುತ್ಯ ಶೃಂಗವನ್ನು ಆಲ್ಪೈನ್ ಪದ್ಧತಿಯಲ್ಲಿ ಏರಿದರು. ಮೊದಲೇ ಕಟ್ಟಿಟ್ಟ ಹಗ್ಗವಿಲ್ಲ, ಕೂಡಿಟ್ಟ ಬುತ್ತಿಯಿಲ್ಲ. ಡೇರೆ, ಒಲೆ, ಆಹಾರ ಎಲ್ಲವೂ ಬೆನ್ನ ಮೇಲೆಯೇ. ಇಂತಹ ಏರಿಕೆಯಲ್ಲಿ ಇಬ್ಬರೂ ಒಂದೇ ಹಗ್ಗಕ್ಕೆ ತಮ್ಮನ್ನು ಕಟ್ಟಿಕೊಳ್ಳುವರು. ಒಬ್ಬನು ಬಂಡೆಯ ಬಿರುಕಿನಲ್ಲಿ ಮೊಳೆ ಬಡಿದು, ಹಗ್ಗವನ್ನು ಅದಕ್ಕೆ ತೊಡಿಸಿ ಏರುವನು. ಇನ್ನೊಬ್ಬನು ಕೆಳಗೆ ಹಗ್ಗ ಹಿಡಿದು ಕಾಯುವನು. ಬಳಿಕ ಅವನು ಮೊಳೆಗಳನ್ನು ಕೀಳುತ್ತ ಮೇಲೆ ಬರುವನು, ಅವೇ ಮುಂದಕ್ಕೂ ಬೇಕಲ್ಲ! ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ಗುಟುಕು ನೀರಿಗೂ ಹಿಮವನ್ನು ಕರಗಿಸಬೇಕು. ನೀರು ಸುಮಾರು 80 ಡಿಗ್ರಿಗೇ ಕುದಿಯುವಲ್ಲಿ ಅನ್ನ ಮಾಡುವ ಪಾಡನ್ನು ನಮ್ಮ ತಾಯಂದಿರು ಊಹಿಸಬಲ್ಲರು.

ತಪೋವನದಲ್ಲಿ ಸಹಯಾತ್ರಿಕರೊಬ್ಬರು, “ಬುದ್ಧೀ, ಲಿಂಗದ ನೆತ್ತಿಯನ್ನು ತುಳಿಯಬಹುದೇ?” ಎಂದು ಕೇಳಿದರು. ಶಿಖರಕ್ಕೆ ಈ ಹೆಸರು ಬಂದದ್ದು ಆಕಾರದಿಂದ. ಶರಣರ ಇಷ್ಟಲಿಂಗ ಕರಸ್ಥಲದಲ್ಲಿದೆ. ಏರಿದವನನ್ನು ದೂಷಿಸಲು ನನಗೆ ಮನಸ್ಸಾಗದು. ಆದರೆ ಏರಿದವರು ಹರಿದ ಹಗ್ಗವನ್ನೂ ಖಾಲಿ ಡಬ್ಬಿಗಳನ್ನೂ ಅಲ್ಲಿ ಬಿಟ್ಟು ಬರುವುದಾದರೆ ಅದು ಅಪಚಾರವೇ ಸರಿ.

ತುದಿ ಮುಟ್ಟಿದೊಡನೆ ಕೆಲಸ ಮುಗಿಯದು. ಇಳಿಯುವಾಗ ಹಗ್ಗವನ್ನು ಆಧಾರವೊಂದಕ್ಕೆ ಇಮ್ಮಡಿಯಾಗಿ ತೊಡಿಸಿ, ಅದರ ಮೇಲೆ ಭಾರ ಬಿಟ್ಟು ಜಾರಬೇಕು. ಕೆಳಗೆ ನಿಂತು ಒಂದು ತುದಿಯನ್ನು ಸೆಳೆದರೆ ಹಗ್ಗವೆಲ್ಲ ಕೈಗೆ ಬರುವುದು. ಆ ಬಳಿಕ ಮರಳಿ ಮೇಲೇರುವ ಉಪಾಯವಿಲ್ಲ. ಕತ್ತಲಾಗುವುದರೊಳಗೆ ಕಾಲೂರಲು ಮತ್ತೊಂದು ನೆಲೆಯನ್ನು ಹುಡುಕಬೇಕು.